ಓಡುವವಳ ಹಿಮ್ಮಡಿ

ಮುಳ್ಳು ಮುರಿದಿದೆ ಎಂದೇ ತಿಳಿದಿದ್ದೆ. ಹಿಂದಿನ ದಿನ ಪುರ್ತಗೇರಿಯಲ್ಲಿ ಅಣ್ಣತಮ್ಮಂದಿರಿಬ್ಬರ ಹೊಲದ ಗಡಿ ಅಳೆದು ಬಂದಿದ್ದೆ. ಆ ಬದುವಿನ ತುಂಬ ಜಾಲಿ ಕಂಟಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಎಡಗಾಲು ನೆಲಕ್ಕೆ ಊರಿದ್ದೇ ತಡ, ಹಿಮ್ಮಡಿಯೊಳಗೆ ಚೂಪಾದದ್ದೇನೋ ನೆಟ್ಟಂತಾಗಿ ಗೋಡೆ ಹಿಡಿದು ನಿಂತೆ. ನನ್ನ ಗಂಡ ಬಸ್ ಚಾಲಕ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬೆಳಗಿನ ಬಸ್ಸು ಅವರದ್ದು. ಡ್ಯೂಟಿಗೆ ಹೊರಟವರು ಅಂಗಿಯ ಗುಂಡಿ ಅರ್ಧಕ್ಕೆ ಬಿಟ್ಟು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮೊಬೈಲ್ ಬೆಳಕಿನಲ್ಲಿ ಸೂಜಿ ಹಿಡಿದು ಹುಡುಕಿದರು.

"ಇಲ್ಲೇನು?"

"ಅಲ್ಲರಿ, ಇನ್ನಾ ಒಳಗ."

"ಒಳಗಂದ್ರ ಎಷ್ಟ್ ಒಳಗ? ಇಲ್ಲಿ ಏನೂ ಕಾಣವಲ್ದು."

ಅವರು ಸೂಜಿ ಕೆಳಗಿಟ್ಟರು. ನಾನು ಕುಂಟುತ್ತಾ ಅಡುಗೆಮನೆಗೆ ಹೋಗಿ ಚಹಕ್ಕೆ ಇಟ್ಟೆ. ಹಾಲು ತೆಗೆದು, ಸಕ್ಕರೆ ಡಬ್ಬಿ ತೆಗೆದು, ಮತ್ತೆ ಹೊರಗೆ ಬಂದು ಅವರಿಗೆ ಕಪ್ಪು ಕೊಡುವಷ್ಟರಲ್ಲಿ ನೋವು ಮುಕ್ಕಾಲು ಪಾಲು ಹೋಗಿಬಿಟ್ಟಿತ್ತು. ನನಗೆ ಅಚ್ಚರಿ ಹುಟ್ಟಿಸಿದ್ದು ನೋವಲ್ಲ, ಇದು. ನಡೆದರೆ ಕಡಿಮೆಯಾಗುವ ಮುಳ್ಳು ಯಾವುದು?

ನಾನು ರೋಣ ತಾಲ್ಲೂಕಿನಲ್ಲಿ ಸರ್ವೇಯರ್. ಹೊಲ ಅಳೆಯುವುದು ನನ್ನ ಕೆಲಸ. ಮೊದಲಿನಿಂದ ಓಡುತ್ತಿದ್ದವಳೇನಲ್ಲ. ಆರು ವರ್ಷಗಳ ಹಿಂದೆ, ನನಗೆ ಮೂವತ್ಮೂರು ತುಂಬಿದಾಗ, ಮುಶಿಗೇರಿಯ ಒಂದು ಹೊಲದಲ್ಲಿ ಕೆಂಪು ಬಿಳಿ ಪಟ್ಟಿಯ ಕೋಲು ನೆಟ್ಟು ನಿಂತಿದ್ದೆ. ಪಕ್ಕದ ಹೊಲದ ಹೋರಿಯೊಂದು ಹಗ್ಗ ಹರಿದುಕೊಂಡು ನನ್ನ ಕಡೆಗೇ ಬಂತು. ಕೋಲು, ಯಂತ್ರ, ನಕ್ಷೆ ಎಲ್ಲ ಬಿಟ್ಟು ಓಡಿದೆ. ಎರಡು ಬದು ಹಾರಿ ಮೂರನೆಯದರ ಹತ್ತಿರ ತಿರುಗಿ ನೋಡಿದರೆ, ಹೋರಿ ಯಾವಾಗಲೋ ನಿಂತು ಮೇಯುತ್ತಿತ್ತು. ರೈತರು ನಗುತ್ತಿದ್ದರು. ನಾನು ಮೊಣಕಾಲು ಹಿಡಿದು ಏದುಸಿರು ಬಿಡುತ್ತಿದ್ದೆ. ಹೆದರಿಕೆ ಆಗಿತ್ತು ನಿಜ. ಆದರೆ ಹೆದರಿಕೆಯ ಜೊತೆಗೆ ಇನ್ನೇನೋ ಇತ್ತು. ಶಾಲೆ ಬಿಟ್ಟ ಮೇಲೆ ಅಷ್ಟು ಜೋರಾಗಿ ನಾನು ಓಡಿಯೇ ಇರಲಿಲ್ಲ. ಮೈಯೆಲ್ಲ ತೊಳೆದಿಟ್ಟಂತೆ ಹಗುರಾಗಿತ್ತು.

ಆ ಸಂಜೆ ಗಂಡನಿಗೆ ಹೇಳಿದೆ: "ನಾಳಿಂದ ನಾ ದಿನಾ ಓಡ್ತೀನ್ರಿ."

"ಹೋರಿ ನಾ ತಂದ್ ಬಿಡ್ಲೇನು?" ಎಂದರು.

ಅಂದಿನಿಂದ ಅಬ್ಬಿಗೇರಿ ರಸ್ತೆ ನನ್ನದಾಯಿತು. ಮೊದಮೊದಲು ಬೈಕಿನವರು ನಿಲ್ಲಿಸಿ, "ಏನಾತ್ರಿ ಬಾಯಾರ, ಬಸ್ ತಪ್ಪೇತೇನು? ಹತ್ರಿ, ಬಿಡ್ತೀನಿ" ಎನ್ನುತ್ತಿದ್ದರು. ಪೊಲೀಸ್ ಭರ್ತಿಗೆಂದು ತಯಾರಾಗುವ ಹುಡುಗರು ನನ್ನನ್ನು ದಾಟಿ ಹೋಗುವಾಗ ಗೌರವಕ್ಕೋ ಕನಿಕರಕ್ಕೋ ಸ್ವಲ್ಪ ನಿಧಾನ ಮಾಡುತ್ತಿದ್ದರು. ವರ್ಷ ಕಳೆದಂತೆ ಯಾರೂ ಕೇಳದಾದರು. ಹಿಮ್ಮಡಿ ಹಿಡಿದುಕೊಂಡ ಆ ದಿನಗಳಲ್ಲಿ ನಾನು ಹುಬ್ಬಳ್ಳಿಯಲ್ಲಿ ಚಳಿಗಾಲಕ್ಕೆ ನಡೆಯಲಿದ್ದ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೆ. ಅದಕ್ಕೇ ಓಟ ನಿಲ್ಲಿಸಲಿಲ್ಲ.

ನಿಲ್ಲಿಸುವ ಬದಲು ಗಮನಿಸತೊಡಗಿದೆ. ಅಳತೆಯ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದೆ: ಬೆಳಿಗ್ಗೆ ನೋವು ಎಷ್ಟು ಹೆಜ್ಜೆಯವರೆಗೆ ಇತ್ತು, ಓಡುವಾಗ ಯಾವ ಕಲ್ಲಿನ ಹತ್ತಿರ ಬಿಟ್ಟಿತು, ಯಾವಾಗ ಮರಳಿ ಬಂತು. ಅದರ ನಡತೆ ವಿಚಿತ್ರವಾಗಿತ್ತು. ಓಡುವಾಗ ಮೊದಲ ಒಂದು ಕಿಲೋಮೀಟರ್ ಕಾಡಿ ಆಮೇಲೆ ಮಾಯವಾಗುತ್ತಿತ್ತು. ಕಚೇರಿಯಲ್ಲಿ ಒಂದು ತಾಸು ನಕ್ಷೆಯ ಮುಂದೆ ಕುಳಿತು ಎದ್ದರೆ ಇಮ್ಮಡಿಯಾಗಿ ಕಾದಿರುತ್ತಿತ್ತು. ಮನೆಯ ನುಣುಪು ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಹೆಚ್ಚು; ಹರಗಿದ ಎರೆ ಹೊಲದಲ್ಲಿ ನಡೆದರೆ ಕಡಿಮೆ. ಕೆಲಸ ಮಾಡಿದರೆ ಸುಮ್ಮನಿದ್ದು, ವಿಶ್ರಾಂತಿ ಕೊಟ್ಟರೆ ರೇಗುವ ನೋವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅತ್ತೆ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕೆಯ ಎಲೆ ಹಾಸಿ, "ಹಿಂಬಡ ಊರು. ಸುಡ್ತೈತಿ ಅಂತ ತಗೀಬ್ಯಾಡ" ಎಂದರು. ಚುರ್ರೆಂದಿತು. ಒಂದು ತಾಸು ಕಾಲು ನನ್ನದೇ ಅಲ್ಲವೇನೋ ಎನ್ನುವಷ್ಟು ಹಾಯಾಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಡೆ, ಅದೇ ಕೈ.

ಎರಡು ತಿಂಗಳ ಮೇಲೆ ಓಟದ ನಡುವೆಯೂ ನೋವು ಬಿಡದಾಯಿತು. ಗಂಡನ ಬಸ್ಸಿನಲ್ಲೇ ಗಜೇಂದ್ರಗಡಕ್ಕೆ ಹೋಗಿ ಎಲುಬಿನ ಡಾಕ್ಟರನ್ನು ಕಂಡೆ. ಅವರು ಏನನ್ನೂ ಕೇಳುವ ಮೊದಲು ಹಿಮ್ಮಡಿಯ ಒಳಬದಿಗೆ ಹೆಬ್ಬೆರಳಿಟ್ಟು ಒತ್ತಿದರು. ಹೊರಗೆ ಕುಳಿತಿದ್ದ ರೋಗಿಗಳಿಗೆಲ್ಲ ಕೇಳುವಂತೆ ಚೀರಿದೆ.

"ಹಾಂ, ಇಲ್ಲೇ ಐತಿ" ಎಂದು ಅವರು ಕೈ ತೊಳೆದುಕೊಂಡರು. "ಪ್ಲಾಂಟರ್ ಫೇಸಿಯೈಟಿಸ್. ಓಡೂದು ಬಿಟ್ಟೀರಿಲ್ಲೋ?"

"ಇಲ್ರಿ."

"ಹಂಗಾರ ಅದಾದ್ರೂ ನಿಮ್ಮನ್ನ ಹ್ಯಾಂಗ ಬಿಡ್ತೈತ್ರಿ?"

ನಾನು ಪುಸ್ತಕ ತೆಗೆದು ಹೆಜ್ಜೆಗಳ ಲೆಕ್ಕ ತೋರಿಸಿದೆ. ಅವರು ನಗಲಿಲ್ಲ; ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಒಂದು ಹಾಳೆಯ ಮೇಲೆ ಪಾದದ ಚಿತ್ರ ಬರೆದರು.

"ಹಿಂಬಡದಿಂದ ಬೆರಳತನಾ ಅಂಗಾಲಿನಾಗ ಒಂದು ಗಟ್ಟಿ ಪಟ್ಟಿ ಇರ್ತೈತಿ. ಬಿಲ್ಲಿಗೆ ಹೆದಿ ಕಟ್ಟಿದ್ಹಂಗ. ಎಳದೂ ಎಳದೂ ಅದು ಹಿಂಬಡಕ್ಕ ಹತ್ತಿಕೊಂಡ ಜಾಗಾದಾಗ ಹರಕ ಬಿಟ್ಟೈತಿ. ರಾತ್ರಿ ನೀವು ಮಲಗಿದಾಗ ಪಾದ ಕೆಳಗ ಬಾಗಿರ್ತೈತಿ, ಪಟ್ಟಿ ಗಿಡ್ಡಾಗಿ ಕುಂದರ್ತೈತಿ. ಮುಂಜಾನಿ ಪೂರಾ ಭಾರ ಹಾಕಿದ್ರಿ ಅಂದ್ರ ಒಮ್ಮೆಲೆ ಜಗ್ಗತೈತಿ. ಹತ್ತಾರು ಹೆಜ್ಜಿ ಆದಮ್ಯಾಲ ಸಡ್ಲ ಆಗ್ತೈತಿ. ನೀವು ಬರದದ್ದು ಬರೋಬರಿ ಐತಿ."

ಎಕ್ಸ್‌ರೇಯಲ್ಲಿ ಹಿಮ್ಮಡಿಯ ಎಲುಬಿಗೆ ಗುಬ್ಬಿಯ ಕೊಕ್ಕಿನಷ್ಟು ಚೂಪು ಬೆಳೆದದ್ದು ಕಂಡಿತು. ಇದೇ ನನ್ನ ಮುಳ್ಳು ಎಂದು ಖುಷಿಯಿಂದ ಬೆರಳು ತೋರಿಸಿದೆ. "ಅಲ್ಲರಿ," ಎಂದರು ಡಾಕ್ಟರು, "ಅದು ಇದ್ದೂ ನೋವಿಲ್ಲದವ್ರು ಭಾಳ ಮಂದಿ ಅದಾರ. ಅದು ಸಾಕ್ಷಿ, ಕಳ್ಳ ಅಲ್ಲ."

"ಎಡಗಾಲಿಗೇ ಯಾಕ್ರಿ? ಬಲಗಾಲೂ ಅಷ್ಟ ಓಡೈತಲ್ರಿ?"

"ಗೊತ್ತಿಲ್ಲರಿ," ಎಂದರು.

ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಮಾತಿಗೆ. ಓಟ ಬಂದ್, ಬರಿಗಾಲು ಬಂದ್, ಬಾಟಲಿಯಲ್ಲಿ ನೀರನ್ನು ಮಂಜುಗಡ್ಡೆ ಮಾಡಿ ಅಂಗಾಲಿನ ಕೆಳಗೆ ಉರುಳಿಸುವುದು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು. ಹೀಗೆ ಒಂದು ಹಾಳೆಯ ತುಂಬ ಬರೆದುಕೊಟ್ಟು, ಬೂಟು ಬದಲಿಸಿ ಎಂದರು.

ರೋಣದ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ, ಬೂಟು ಮಾರುವ, ಹೊಲಿದೂ ಕೊಡುವ ಹಿರಿಯರೊಬ್ಬರ ಅಂಗಡಿಯಿದೆ. ಊರಿನವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ. ನನ್ನ ಹಳೆಯ ಬೂಟು ತೋರಿಸಿ ಇಂಥದ್ದೇ ಬೇಕೆಂದೆ. ಚಾಚಾ ಅದನ್ನು ಒದ್ದೆ ಬಟ್ಟೆ ಹಿಂಡುವಂತೆ ಎರಡೂ ಕೈಯಲ್ಲಿ ತಿರುವಿದರು. ಅದು ಸಲೀಸಾಗಿ ತಿರುಗಿತು.

"ಮ್ಯಾಲ ಚಲೋ ಕಾಣ್ತೈತಿ ಬೇಟಿ. ಒಳಗಿನ ಗಾದಿ ಪೂರಾ ಕುಂತ್ ಬಿಟ್ಟೈತಿ. ಎಷ್ಟ್ ವರ್ಷದ್ದು?"

"ಮೂರು ವರ್ಷ ಆತು ಚಾಚಾ. ಹರಿದಿಲ್ಲಲ್ಲ ಅಂತ ಹಾಕ್ಕೊಂತಿದ್ದೆ."

ಅವರು ಎರಡೂ ಬೂಟುಗಳನ್ನು ಗಾಜಿನ ಕಪಾಟಿನ ಮೇಲೆ ಜೋಡಿಸಿಟ್ಟು, ಕಣ್ಣನ್ನು ಅವುಗಳ ಮಟ್ಟಕ್ಕೆ ಇಳಿಸಿ ನೋಡಿದರು. ನಾನೂ ಬಗ್ಗಿ ನೋಡಿದೆ. ಬಲಗಾಲಿನದು ನೆಟ್ಟಗೆ ನಿಂತಿತ್ತು. ಎಡಗಾಲಿನದು ಒಳಮಗ್ಗುಲಿಗೆ ವಾಲಿತ್ತು.

"ರಸ್ತಾದ ಯಾವ ಬಾಜೂಕ ಓಡ್ತಿ?"

"ಬಲಕ್ಕ. ಎದುರಿಗೆ ಬರೋ ಗಾಡಿ ಕಾಣ್ಲಿ ಅಂತ."

"ಬರೂವಾಗ?"

"ಆಗೂ ಬಲಕ್ಕ."

ಚಾಚಾ ಹೊಸ ಬೂಟಿನ ಡಬ್ಬಿ ತೆಗೆಯಲು ಏಣಿ ಹತ್ತಿದರು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಡಾಂಬರು ರಸ್ತೆಗೆ ನಡುವಿನಿಂದ ಎರಡೂ ಅಂಚಿಗೆ ಇಳಿಜಾರು ಇರುತ್ತದೆ, ಮಳೆಯ ನೀರು ಹರಿದುಹೋಗಲೆಂದು. ಬಲ ಅಂಚಿನಲ್ಲಿ ಓಡಿದರೆ ಎಡಗಾಲು ಯಾವಾಗಲೂ ಮೇಲ್ಮಗ್ಗುಲಿಗೆ. ಹೋಗುವಾಗಲೂ ಅದೇ, ಬರುವಾಗಲೂ ಅದೇ. ಐದಾರು ವರ್ಷ ನನ್ನ ಎಡಗಾಲು ಒಂದು ಗುಡ್ಡದ ಓರೆಯ ಮೇಲೆ ಓಡಿದೆ, ಬಲಗಾಲಿಗೆ ಅದರ ಸುದ್ದಿಯೇ ಇಲ್ಲ!

ಹೊಲ ಅಳೆಯುವವಳಿಗೆ ಇಂಥದ್ದು ಸಿಕ್ಕರೆ ಸುಮ್ಮನಿರಲಾಗುತ್ತದೆಯೇ? ಮರುದಿನ ಭಾನುವಾರ. ಗೌಂಡಿಗಳು ನೆಲ ಸಮ ಇದೆಯೋ ಎಂದು ನೋಡಲು ಇಡುವ ರಸಮಟ್ಟವನ್ನು ತಂದು, ಒಂದು ನೇರ ಹಲಗೆಯ ಜೊತೆ ಅಬ್ಬಿಗೇರಿ ರಸ್ತೆಗೆ ಹೋದೆ. ಗಂಡ ಗಾಡಿಗಳಿಗೆ ಕೈ ತೋರಿಸುತ್ತಾ ನಿಂತರು. ಹಲಗೆಯ ಮೇಲೆ ರಸಮಟ್ಟ ಇಟ್ಟೆ. ಅದರೊಳಗಿನ ಗುಳ್ಳೆ ಸರ್ರನೆ ರಸ್ತೆಯ ನಡುವಿನ ಎತ್ತರದ ಕಡೆಗೆ ಓಡಿತು. ಮುಂದೆ ಐವತ್ತು ಹೆಜ್ಜೆಗೆ ಇಟ್ಟೆ, ಮತ್ತೆ ಹಾಗೆಯೇ. ನನಗೆ ಕುಣಿಯುವಷ್ಟು ಸಂತೋಷ. ಆಗ ಒಂದು ಟ್ರ್ಯಾಕ್ಟರ್ ಬಂದು ನಿಂತಿತು.

"ರಸ್ತಾ ಅಗಲ ಮಾಡಾಕತ್ತಾರೇನ್ರಿ ಬಾಯಾರ?"

"ಇಲ್ಲಪಾ, ಸುಮ್ಮ ನೋಡಾಕತ್ತೀನಿ."

"ಸುಮ್ಮ ಯಾರರ ರಸ್ತಾ ಅಳೀತಾರೇನ್ರಿ? ಖರೇ ಹೇಳ್ರಿ, ಎಷ್ಟ್ ಹೋಗ್ತೈತಿ ನಮ್ಮ ಹೊಲ?"

ಹಿಮ್ಮಡಿ ನೋವಿಗಾಗಿ ಅಳೆಯುತ್ತಿದ್ದೇನೆ ಎಂದರೆ ಅವನು ನಂಬುವುದಾದರೂ ಹೇಗೆ? ಸೋಮವಾರ ಕಚೇರಿಗೆ ಹೋದಾಗ ಅಬ್ಬಿಗೇರಿ ರಸ್ತೆಯ ಬದಿಯಲ್ಲಿ ಹೊಲವಿರುವ ನಾಲ್ಕು ಜನ ತಮ್ಮ ಹೊಲದ ಉತಾರ ಪತ್ರ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಅವರ ಮುಂದೆ ಬೂಟು ಬಿಚ್ಚಿ, ಕಾಲು ತೋರಿಸಿ, ಎಲ್ಲವನ್ನೂ ವಿವರಿಸಬೇಕಾಯಿತು. ಮೂವರು ನಕ್ಕು ಹೋದರು. ನಾಲ್ಕನೆಯವರು ಮಾತ್ರ ಮತ್ತೆ ಎರಡು ಸಲ ಬಂದು ಕೇಳಿದರು.

ಡಾಕ್ಟರಿಗೆ ಈ ಇಳಿಜಾರಿನ ವಿಷಯ ಹೇಳಿದಾಗ, "ಇರಬಹುದು, ಇಲ್ಲದನೂ ಇರಬಹುದು. ಆದ್ರ ಬೂಟು ಸತ್ತದ್ದು, ಹುಬ್ಬಳ್ಳಿ ಓಟಂತ ನೀವು ಒಮ್ಮೆಲೆ ದೂರ ಏರಿಸಿದ್ದು, ಅವೂ ಅದಾವಲ್ರಿ" ಎಂದರು.

ಓಟ ನಿಲ್ಲಿಸಿ ಐದು ವಾರ ಕಳೆದವು. ಬೆಳಗಿನ ನೋವು ನಾಲ್ಕೈದು ಹೆಜ್ಜೆಗೆ ಇಳಿದಿತ್ತು. ಆಗ ಯಾವುದೋ ಅಳತೆಯ ಕೆಲಸಕ್ಕೆ ನರಗುಂದಕ್ಕೆ ಹೋದೆ. ಕೆಲಸ ಬೇಗ ಮುಗಿಯಿತು. ಊರಿನ ಬೆನ್ನಿಗೇ ಆ ಗುಡ್ಡ. ಬ್ಯಾಗಿನಲ್ಲಿ ಹೊಸ ಬೂಟು. ಹತ್ತುವುದು ಓಡುವುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ದಾರಿ ನಡೆದೇ ಹತ್ತಿದೆ. ಅರ್ಧದ ಮೇಲೆ ಗಾಳಿ ಮುಖಕ್ಕೆ ಬಡಿಯತೊಡಗಿದಾಗ ಕಾಲು ನನ್ನ ಮಾತು ಕೇಳಲಿಲ್ಲ. ಹತ್ತುತ್ತ ಓಡಿದೆ, ಇಳಿಯುತ್ತ ಇನ್ನೂ ಜೋರಾಗಿ ಓಡಿದೆ. ಸಂಜೆ ಏನೂ ನೋವಿರಲಿಲ್ಲ. ಗೆದ್ದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೊಣಕಾಲೂರಿ ಬಚ್ಚಲಿಗೆ ಹೋದೆ.

ಗಂಡ ನೋಡಿದರು. ಬೂಟಿಗೆ ಹತ್ತಿದ್ದ ಗುಡ್ಡದ ಕೆಂಪು ಮಣ್ಣು ಅವರಿಗೆ ಕಂಡಿತ್ತು. "ಬ್ರೇಕ್ ಲೈನರ್ ಸವದ ಗಾಡೀನ ನಾವು ಡಿಪೋದಾಗ ನಿಂದ್ರಸ್ತೀವಿ. ಡ್ರೈವರಗ ಹುಕಿ ಬಂತಂತ ಹೊರಗ ತಗಿಯೂದಿಲ್ಲ" ಎಂದಷ್ಟೇ ಹೇಳಿ, ಅವಲಕ್ಕಿ ಕಲಸಿ ಹಾಸಿಗೆಗೆ ತಂದುಕೊಟ್ಟರು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಅಳತೆಯ ಪುಸ್ತಕ ತೆಗೆದು ನರಗುಂದದ ಓಟವನ್ನೂ ಬರೆದಿಟ್ಟೆ.

ಹುಬ್ಬಳ್ಳಿಯ ಓಟದ ದಿನ ನಾನು ಮನೆಯ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುತ್ತಿದ್ದೆ. ಆಗ ಅಳು ಬಂದಿತ್ತು ಎಂದು ಬರೆಯಲು ನಾಚಿಕೆಯೇನಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅಬ್ಬಿಗೇರಿಯ ಒಂದು ಹೊಲಕ್ಕೆ ಅಳತೆಗೆ ಹೋದೆ. ಕೋಲು ಹಿಡಿಯಲು ಹೊಲದವರು ಕೂಲಿಯ ಹೆಂಗಸೊಬ್ಬಳನ್ನು ಕರೆತಂದಿದ್ದರು. ಅರವತ್ತರ ಆಸುಪಾಸು, ಕಟ್ಟಿಗೆಯಂಥ ಗಟ್ಟಿ ಮೈ. ಬೆಳಗಿನಿಂದ ಎಲ್ಲಿ ಅಂದರೆ ಅಲ್ಲಿ ಚುರುಕಾಗಿ ಹೋಗಿ ಕೋಲು ನಿಲ್ಲಿಸಿದಳು. ಮಧ್ಯಾಹ್ನ ಬೇವಿನ ಕೆಳಗೆ ಕುಳಿತು ರೊಟ್ಟಿ ತಿಂದೆವು. ಎದ್ದಾಗ ನೋಡಿದೆ: ಅವಳು ಎರಡೂ ಹಿಮ್ಮಡಿ ಎತ್ತಿ, ಬೆರಳ ಮೇಲೆ, ಹತ್ತಿಪ್ಪತ್ತು ಹೆಜ್ಜೆ ಇಟ್ಟಳು. ಆಮೇಲೆ ಮೆಲ್ಲಗೆ ಪೂರ್ಣ ಪಾದ ಊರಿದಳು. ಆ ನಡಿಗೆಯನ್ನು ನಾನು ಲೋಕದಲ್ಲಿ ಎಲ್ಲಿದ್ದರೂ ಗುರುತಿಸಬಲ್ಲೆ.

"ದೊಡ್ಡವ್ವ, ಹಿಂಬಡ ನೋಯ್ತಾವೇನು?"

"ನಿಮಗ ಹ್ಯಾಂಗ ತಿಳೀತ್ರಿ ಬಾಯಾರ?"

"ನಂದೂ ಹಂಗ ಐತಿ."

ಅವಳು ನನ್ನ ಬೂಟುಗಳನ್ನು ನೋಡಿದಳು, ದೂರದಲ್ಲಿ ನಿಂತ ನಮ್ಮ ಕಚೇರಿಯ ಜೀಪನ್ನು ನೋಡಿದಳು. "ನಿಮಗ್ಯಾಕ ಬರಬೇಕ್ರಿ ಇದು?" ಎಂದಳು. ನಿಜವಾಗಿಯೂ ತಿಳಿಯಬೇಕೆಂಬ ಕುತೂಹಲ ಅವಳ ದನಿಯಲ್ಲಿತ್ತು.

ಓಡಿದ್ದಕ್ಕೆ ಬಂತು ಎಂದೆ. ಯಾಕೆ ಓಡುತ್ತೀರಿ ಎಂದು ಅವಳು ಅಂದು ಕೇಳಲಿಲ್ಲ. ತನಗೆ ಯಾವಾಗ ಶುರುವಾಯಿತೆಂದು ಹೇಳಿದಳು. "ಸಣ್ಣ ಮಗಳ ಲಗ್ನಾದ ವರ್ಷ. ಆಕೀ ಮಗಳು ಈಗ ಕಾಲೇಜಿಗೆ ಹೋಗ್ತಾಳ." ಅಷ್ಟು ವರ್ಷವೂ ಅವಳು ಹೊಲದಲ್ಲಿ ನಿಂತೇ ದುಡಿದಿದ್ದಾಳೆ. ದವಾಖಾನೆಗೆ ಹೋಗಿರಲಿಲ್ಲ. ಅದಕ್ಕೊಂದು ಹೆಸರಿದೆ ಎಂದು ಹೇಳಿದಾಗ ಒಮ್ಮೆ ಹೇಳಿಸಿಕೊಂಡು, ನಾಲಿಗೆಗೆ ಹತ್ತುವುದಿಲ್ಲವೆಂದು ಬಿಟ್ಟಳು.

"ಮತ್ತ ಮುಂಜಾನಿ ಹ್ಯಾಂಗ ಏಳ್ತಿ?"

"ಸೀದಾ ಎದ್ರ ಆಗೂದಿಲ್ರಿ. ಮೊದಲ ಕಾಲ ಎಬ್ಬಸಬೇಕು. ಅವು ಮಲಗಿರ್ತಾವ. ಎಬ್ಬಸದ ನಿಂತ್ರ ಅವಕ್ಕ ಸಿಟ್ಟ ಬರ್ತೈತಿ." ಬದುವಿನ ಮೇಲೆ ಕಾಲು ಚಾಚಿ ಕುಳಿತು ತೋರಿಸಿದಳು. ಸೆರಗನ್ನು ಅಂಗಾಲಿನ ಸುತ್ತ ಹಾಯಿಸಿ, ಎರಡೂ ತುದಿ ಹಿಡಿದು, ಬೆರಳುಗಳನ್ನು ತನ್ನ ಕಡೆ ಎಳೆದುಕೊಂಡಳು. "ಹಿಂಗ, ಇಪ್ಪತ್ತ ಎಣಸೂತನಾ. ಆಮ್ಯಾಗ ಇನ್ನೊಂದು."

ಡಾಕ್ಟರು ಬರೆದುಕೊಟ್ಟ ಹಾಳೆ ನನ್ನ ಬ್ಯಾಗಿನಲ್ಲಿತ್ತು. ತೆಗೆದು ನೋಡಿದೆ. ಮೂರನೆಯ ಸಾಲು: ಟವೆಲ್‌ನಿಂದ ಪಾದ ಎಳೆಯುವುದು, ಹಾಸಿಗೆಯಿಂದ ಇಳಿಯುವ ಮೊದಲು. ನಾನು ಅದನ್ನು ನನ್ನ ಅನುಕೂಲಕ್ಕೆ ಸಂಜೆ ಮಾಡುತ್ತಿದ್ದೆ. ದಿನಕ್ಕೊಮ್ಮೆ ಮಾಡಿದರಾಯಿತು, ಯಾವಾಗಲಾದರೇನು ಎಂದು. ಓದುಬರಹವಿಲ್ಲದ ಈಕೆ, ಯಾರೂ ಹೇಳಿಕೊಡದೆ, ತನ್ನ ಕಾಲನ್ನೇ ಕೇಳಿ ಕೇಳಿ, ಸರಿಯಾದ ಹೊತ್ತಿಗೆ ಸರಿಯಾದದ್ದನ್ನು ಕಂಡುಕೊಂಡಿದ್ದಳು.

ಮರುದಿನದಿಂದ ನಾನೂ ಕಾಲು ಎಬ್ಬಿಸಿಯೇ ಎದ್ದೆ. ಮನೆಯೊಳಗೆ ಮೆತ್ತನೆಯ ಚಪ್ಪಲಿ ಹಾಕಬೇಕೆಂದಾಗ ಅತ್ತೆ ಸುಲಭಕ್ಕೆ ಒಪ್ಪಲಿಲ್ಲ. ಹೊರಗಿನ ನೆಲ ಕಾಣದ ಹೊಸ ಜೋಡಿ ಎಂದು ಆಣೆ ಮಾಡಿದ ಮೇಲೆ, "ದೇವರ ಕೋಣಿ ಹೊಸ್ತಿಲಾ ಮಾತ್ರ ದಾಟಬ್ಯಾಡ" ಎಂದು ಬಿಟ್ಟುಕೊಟ್ಟರು. ದೊಡ್ಡವ್ವನಿಗೂ ಚಾಚಾನ ಅಂಗಡಿಯಿಂದ ಅಂಥದ್ದೇ ಒಂದು ಜೋಡಿ ತಂದುಕೊಟ್ಟೆ. ತಿಂಗಳ ಮೇಲೆ ವಿಚಾರಿಸಿದರೆ ಅದು ಪ್ಲಾಸ್ಟಿಕ್ ಚೀಲದಲ್ಲಿ ಟ್ರಂಕಿನೊಳಗಿತ್ತು. "ಹೊಲಕ್ಕ ಹಾಕ್ಕೊಂಡ್ರ ಮಣ್ಣ ಆಗ್ತಾವಲ್ರಿ" ಎಂದಳು. ಒಂದು ಮದುವೆಗೆ ಮಾತ್ರ ಹಾಕಿಕೊಂಡು ಹೋಗಿದ್ದಳಂತೆ.

ಗುಣವಾಗಲು ಏಳು ತಿಂಗಳು ಹಿಡಿಯಿತು. ಮೊದಲು ನಡಿಗೆ, ಆಮೇಲೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಓಟ, ಮತ್ತೆ ನಡಿಗೆ. ಈಗ ಬೇಸಿಗೆಯಲ್ಲಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಓಡುತ್ತೇನೆ. ಮಳೆ ಬಿದ್ದರೆ ಎರೆ ಮಣ್ಣು ಗಡಿಗೆಯಷ್ಟು ದಪ್ಪಕ್ಕೆ ಬೂಟಿಗೆ ಮೆತ್ತುವುದರಿಂದ ರಸ್ತೆಯೇ ಗತಿ. ಅಲ್ಲಿ ಗಾಡಿಗಳಿಲ್ಲದ ಹೊತ್ತು ನೋಡಿ ನಡುವಿನ ಸಮ ಜಾಗದಲ್ಲಿ ಓಡುತ್ತೇನೆ. ನೋವು ಪೂರ್ತಿ ಹೋಗಿದೆ ಎನ್ನಲಾರೆ. ದೂರ ಹೆಚ್ಚಿಸಿದ ವಾರ ಒಂದು ಸಲ ಬಾಗಿಲು ತಟ್ಟಿ ಹೋಗುತ್ತದೆ.

ಈ ಸುಗ್ಗಿಯ ಮುಂದೆ ಅಬ್ಬಿಗೇರಿಯ ಬಂಡಿದಾರಿಯಲ್ಲಿ ಓಡುತ್ತಿದ್ದಾಗ ದೊಡ್ಡವ್ವ ಕಡಲೆ ಹೊಲದ ಬದುವಿನ ಮೇಲೆ ನಿಂತಿದ್ದಳು. ಕೈ ಮಾಡಿ ಕರೆದಳು. ಹೋಗಿ ನಿಂತೆ.

"ಅಲ್ರಿ ಬಾಯಾರ, ಇಷ್ಟ ನೋಯಿಸ್ಕೊಂಡೂ ಮತ್ತ ಓಡಾಕತ್ತೀರಿ. ಅದ್ರಾಗ ಏನೈತ್ರಿ ಅಂಥಾದ್ದು?"

"ನೀ ಯಾವಾಗರ ಓಡಿಯೇನು?" ಎಂದು ತಿರುಗಿ ಕೇಳಿದೆ.

"ಸಣ್ಣಾಕಿದ್ದಾಗ ಓಡಿರಬೇಕು. ಲಗ್ನಾದಮ್ಯಾಲ ಇಲ್ಲ. ಒಮ್ಮೆನೂ ಇಲ್ಲ." ಹಾಗೆಂದು ಅವಳು ಬದುವಿನ ಉದ್ದಕ್ಕೆ ನೋಡಿದಳು. ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನಾನು ಬೇಡವೆನ್ನುವ ಮೊದಲೇ ಓಡಿದಳು.

ಬಹಳ ದೂರವೇನಲ್ಲ. ಮೊಣಕೈ ಎರಡೂ ಮಗ್ಗುಲಿಗೆ ಚಾಚಿ, ಬಳೆ ಸದ್ದು ಮಾಡುತ್ತ, ಬದುವಿನ ತುದಿಯ ಕಲ್ಲಿನವರೆಗೆ. ಅಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದಳು. ನಗು ಮುಗಿಯಲೇ ಇಲ್ಲ. ಹತ್ತಿರ ಹೋದೆ.

"ಹ್ಯಾಂಗನಿಸ್ತು ದೊಡ್ಡವ್ವ?"

"ಹೊಟ್ಟ್ಯಾಗ ಏನೋ ಹಾರಿದ್ಹಂಗ ಆತ್ರಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಮರುದಿನ ಅವಳ ಮೊಮ್ಮಗಳ ಮೊಬೈಲಿಗೆ ಫೋನ್ ಮಾಡಿ, ಬೆಳಿಗ್ಗೆ ಹಿಮ್ಮಡಿ ಹೇಗಿತ್ತೆಂದು ಕೇಳಿದೆ. ನನ್ನಿಂದಾಗಿ ನೋವು ಹೆಚ್ಚಾಯಿತೇನೋ ಎಂಬ ಅಳುಕು ನನಗೆ.

"ದಿನಾ ಇದ್ದಷ್ಟ ಇತ್ತು ಬಿಡ್ರಿ," ಎಂದಳು ದೊಡ್ಡವ್ವ. "ತೊಡಿ ಮಾತ್ರ ಹಿಡದಾವ. ಅದ್ಯಾಕ್ರಿ ಹಂಗ?"

ಕುರ್ಚಿ ಎಳೆದುಕೊಂಡು ಕುಳಿತು, ಅದು ಯಾಕೆ ಹಾಗಾಗುತ್ತದೆಂದು ನನಗೆ ತಿಳಿದಷ್ಟನ್ನು ಹೇಳತೊಡಗಿದೆ.